ಸ್ಟ್ಯಾಂಪಿಂಗ್‌ಗೆ ಕೆನಡಾನಾ, ಚೆನ್ನೈನಾ? ಎರಡೂ ಕಡೆ ಸಾಲಲ್ಲಿ ನಿಂತವನ ಲೆಕ್ಕ

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಚೆನ್ನೈಗೆ. ಎಚ್‌-1ಬಿ ಅಂದ್ರೆ ಅಮೆರಿಕದಲ್ಲಿ ಕೆಲಸ ಮಾಡೋಕೆ ಬೇಕಾದ ವೀಸಾ; ಅದನ್ನ ಅಮೆರಿಕದ ಹೊರಗಿರೋ ಅವರ ಕಾನ್ಸುಲೇಟ್‌ಗೆ ಹೋಗಿ ಪಾಸ್‌ಪೋರ್ಟ್‌ಗೆ ಹಾಕಿಸಿಕೊಳ್ಳೋದೇ ಸ್ಟ್ಯಾಂಪಿಂಗ್. ಹಿಂದಿನ ಸಲ ಅದನ್ನ ಕೆನಡಾದಲ್ಲಿ ಮಾಡಿಸಿದ್ದೆ. ಅದರ ಅವಧಿ ಮುಗಿದ ಮೇಲೆ ಈ ಸಲ ಮಂಡ್ಯದ ಮನೆಯಿಂದ ಚೆನ್ನೈಗೆ ಹೋಗಿ ಮಾಡಿಸಿಕೊಂಡು ಬಂದೆ. "ಅಷ್ಟು ದೂರ ಯಾಕೆ ಹೋಗ್ತೀಯ ಗುರು, ಪಕ್ಕದಲ್ಲೇ ಕೆನಡಾ ಇದೆ, ವೀಕೆಂಡ್ ಸೇರಿಸಿ ರಜೆ ಹಾಕಿದ್ರೆ ಮುಗೀತು" ಅನ್ನೋ ಸಲಹೆ ನಮ್ಮ ಕಡೆ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಇವತ್ತಿಗೂ ಓಡಾಡ್ತಾ ಇದೆ. ಹಾಗೆ ಹೇಳೋರೆಲ್ಲ ಸಲೀಸಾಗಿ ಮುಗಿಸಿಕೊಂಡು ಬಂದವರು. ಸಲೀಸಾಗಿ ಆಗೋದಾದ್ರೆ ಎಲ್ಲಿ ಮಾಡಿಸಿದ್ರೂ ಒಂದೇ. ಆಗದೇ ಹೋದ್ರೆ ಯಾವ ಊರಲ್ಲಿ ಕೂತ್ಕೋತೀರ ಅನ್ನೋದನ್ನ ಮುಂದಿಟ್ಟುಕೊಂಡೇ ನಾನು ಹೋಲಿಸ್ತಾ ಇರೋದು.

ಡಿಎಸ್‌-160 (ವೀಸಾ ಅರ್ಜಿ), ಫೋಟೊ, ಐ-797 (ಎಚ್‌-1ಬಿ ಮಂಜೂರಾತಿ ಪತ್ರ) ಎಲ್ಲ ಎರಡೂ ಕಡೆ ಅವೇ, ಅವನ್ನು ಬಿಟ್ಟುಬಿಡೋಣ. ಶುಲ್ಕವೂ ಅದೇ 205 ಡಾಲರ್. ಒಂದು ದೇಶಕ್ಕೆ ಕಟ್ಟಿದ ದುಡ್ಡು ಇನ್ನೊಂದು ದೇಶದ ಅಪಾಯಿಂಟ್‌ಮೆಂಟ್‌ಗೆ ನಡೆಯಲ್ಲ.

ಕೆನಡಾದ ಒಳ್ಳೇ ಗುಣ ಹೇಳಲೇಬೇಕು. ಬೆರಳಚ್ಚು, ಇಂಟರ್‌ವ್ಯೂ ಎರಡೂ ಒಂದೇ ಕಟ್ಟಡದಲ್ಲಿ, ಒಂದೇ ಬೆಳಿಗ್ಗೆ. ನಮ್ಮಲ್ಲಿ ಒಂದು ದಿನ ಬೆರಳಚ್ಚಿನ ಕೇಂದ್ರಕ್ಕೆ, ಇನ್ನೊಂದು ದಿನ ಕಾನ್ಸುಲೇಟ್‌ಗೆ ಅಂತ ಎರಡು ಸಲ ಸುತ್ತಬೇಕು. ವಿಮಾನದ ಪ್ರಯಾಣವೂ ಚಿಕ್ಕದು. ಆದರೆ ಭಾರತದ ಪಾಸ್‌ಪೋರ್ಟ್ ಇರೋನಿಗೆ ಕೆನಡಾಕ್ಕೆ ಕಾಲಿಡೋಕೂ ವೀಸಾ ಬೇಕು: ಅರ್ಜಿಗೆ 100 ಕೆನಡಾ ಡಾಲರ್, ಬೆರಳಚ್ಚಿಗೆ 85. ಹೆಂಡತಿಯನ್ನೂ ಕರ್ಕೊಂಡು ಹೋಗೋದಾದ್ರೆ ಅವಳಿಗೂ ಅಷ್ಟೇ. ವೀಸಾ ತಗೊಳ್ಳೋಕೆ ಹೋಗಲು ಇನ್ನೊಂದು ವೀಸಾ ಅಂದಾಗ ನಮ್ಮಪ್ಪ ನಕ್ಕಿದ್ದರು.

ನಾನು ಹೋಗಿದ್ದು 2023ರ ಚಳಿಗಾಲದಲ್ಲಿ. ಊರಿನ ಹೆಸರು ಬೇಡ. ಇಂಟರ್‌ವ್ಯೂ ಚೆನ್ನಾಗೇ ಆಯ್ತು. ಯಾವ ಕಂಪನಿ, ಏನು ಕೆಲಸ, ಎಲ್ಲಿ ಓದಿದ್ದು, ಅಷ್ಟೇ. ಚಿಪ್ ವಿನ್ಯಾಸದ ಕೆಲಸ ಅಂದ ತಕ್ಷಣ ಕಿಟಕಿಯ ಆಚೆಯ ಹೆಂಗಸು ಟೈಪ್ ಮಾಡೋದು ನಿಲ್ಲಿಸಿ, ಮೇಜಿನ ಡ್ರಾಯರ್ ಎಳೆದು ಒಂದು ಚೀಟಿ ತೆಗೆದರು. ಮೇಲೆ 221(ಜಿ) ಅಂತ ಅಚ್ಚಾಗಿತ್ತು, ಅಂದ್ರೆ ಹೆಚ್ಚಿನ ಪರಿಶೀಲನೆ ಮುಗಿಯೋವರೆಗೆ ವೀಸಾ ತಡೆಹಿಡಿಯೋ ಚೀಟಿ. ಬಯೋಡೇಟಾ, ಪ್ರಕಟಣೆಗಳ ಪಟ್ಟಿ, ಹಿಂದೆ ಸುತ್ತಿದ ದೇಶಗಳ ವಿವರ, ಇವುಗಳ ಮುಂದೆ ಪೆನ್ನಲ್ಲಿ ಟಿಕ್ ಹಾಕಿ, ಪಾಸ್‌ಪೋರ್ಟ್ ಜೊತೆ ಈಚೆ ತಳ್ಳಿದರು. ಇಮೇಲ್ ಮಾಡಿ, ಪರಿಶೀಲನೆ ಮುಗಿದಾಗ ತಿಳಿಸ್ತೀವಿ, ಎಷ್ಟು ದಿನ ಅಂತ ಹೇಳೋಕಾಗಲ್ಲ, ಅಂದ್ರು.

ಇಲ್ಲಿ ಒಂದು ನಿಯಮ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಕೆನಡಾದ ಪರ ಮಾತಾಡೋರು ಇದನ್ನ ಸರಿಯಾಗಿ ಹೇಳೋದೇ ಇಲ್ಲ. ವೀಸಾ ಮುಗಿದಿದ್ರೂ ಐ-94 (ಅಮೆರಿಕದಲ್ಲಿ ಎಲ್ಲಿವರೆಗೆ ಇರಬಹುದು ಅನ್ನೋ ದಾಖಲೆ) ಚಾಲ್ತಿಯಲ್ಲಿದ್ರೆ, ಕೆನಡಾಕ್ಕೋ ಮೆಕ್ಸಿಕೊಗೋ 30 ದಿನದೊಳಗೆ ಹೋಗಿ ಹಾಗೇ ವಾಪಸ್ ಬರಬಹುದು. ಇದಕ್ಕೆ ಆಟೊಮ್ಯಾಟಿಕ್ ರಿವ್ಯಾಲಿಡೇಶನ್ ಅಂತಾರೆ. ಹೇಗಿದ್ರೂ ಇದು ಇದೆಯಲ್ಲ, ವೀಸಾ ಆಗದಿದ್ರೆ ವಾಪಸ್ ಬಂದ್ರಾಯ್ತು ಅಂತ ಅಂದುಕೊಂಡು ಹೋಗೋರು ತುಂಬಾ ಜನ. ಆದರೆ ಅಲ್ಲಿ ಹೋಗಿ ವೀಸಾಕ್ಕೆ ಅರ್ಜಿ ಹಾಕಿದ್ರೆ ಈ ಸವಲತ್ತು ಸಿಗಲ್ಲ. 2002ರಿಂದ ಹೀಗೇ ಇದೆ. ಹೊಸ ವೀಸಾ ಕೈಗೆ ಬರೋವರೆಗೆ ಅಮೆರಿಕದ ಒಳಗೆ ಹೋಗೋ ಹಾಗಿಲ್ಲ. ನನಗಿದು ಗೊತ್ತಿದ್ದೂ ಹೋಗಿದ್ದೆ, ಇಂಟರ್‌ವ್ಯೂ ಸ್ಲಾಟ್ ಬೇಗ ಸಿಕ್ಕಿತ್ತು ಅನ್ನೋ ಆಸೆಗೆ. ನನ್ನ ಹಿಂದೆ ಸಾಲಲ್ಲಿದ್ದ ತೆಲುಗು ಹುಡುಗನಿಗೂ ಅದೇ ಚೀಟಿ ಸಿಕ್ತು. ಅವನು ಅವತ್ತೇ ರಾತ್ರಿಯ ವಾಪಸ್ ಟಿಕೆಟ್ ಜೇಬಲ್ಲಿಟ್ಕೊಂಡೇ ಬಂದಿದ್ದ. ಬೀದಿಯಲ್ಲಿ ನಿಂತು ನಾನು ಈ ನಿಯಮ ಹೇಳಿದಾಗ ಅವನ ಮುಖ ನೋಡೋಕಾಗಲಿಲ್ಲ.

ಆಮೇಲೆ ವಾರಗಟ್ಟಲೆ ಅಲ್ಲೇ. ಆಫೀಸಿನ ಲ್ಯಾಪ್‌ಟಾಪ್ ಅಮೆರಿಕದಿಂದ ಹೊರಗೆ ಒಯ್ಯೋ ಹಾಗಿರಲಿಲ್ಲ, ಹೀಗಾಗಿ ಕೆಲಸವೂ ಇಲ್ಲ, ಇದ್ದ ರಜೆ ಕರಗಿದ ಮೇಲೆ ಸಂಬಳವೂ ಇಲ್ಲ. ಅಮೆರಿಕದಲ್ಲಿ ಮನೆ ಬಾಡಿಗೆ ಓಡ್ತಾ ಇತ್ತು, ಕೆನಡಾದಲ್ಲಿ ರೂಮಿನ ಬಾಡಿಗೆ. ನನ್ನನ್ನ ನಿಜವಾಗಲೂ ಸುಸ್ತು ಮಾಡಿದ್ದು ಬಿಪಿ ಮಾತ್ರೆ. ತಂದಿದ್ದ ಡಬ್ಬಿ ಖಾಲಿಯಾಯ್ತು. ಅಮೆರಿಕದ ಡಾಕ್ಟರ್ ಚೀಟಿ ಔಷಧಿ ಅಂಗಡಿಯವನು ಒಪ್ಪಲಿಲ್ಲ, ಹೊರಗಿನವರನ್ನ ನೋಡೋ ಕ್ಲಿನಿಕ್ ಹುಡುಕಿ, ಮಧ್ಯಾಹ್ನವೆಲ್ಲ ಕಾದು, ಫೀಸು ಕೊಟ್ಟು ಹೊಸ ಚೀಟಿ ಬರೆಸಿಕೊಳ್ಳಬೇಕಾಯ್ತು. ಮಂಡ್ಯದಲ್ಲಾದ್ರೆ ನೂರಡಿ ರಸ್ತೆಗೆ ಒಂದು ರೌಂಡ್ ಹೋಗಿ ಬಂದ್ರೆ ಮುಗೀತಿತ್ತು.

ಇದರ ಮೇಲೆ ಆ ವೆಬ್‌ಸೈಟ್ ಬೇರೆ. ಪ್ರಕರಣ ಪರಿಶೀಲನೆಯಲ್ಲಿದ್ರೂ ಪರದೆ ಮೇಲೆ ಬರೋ ಪದ 'ರೆಫ್ಯೂಸ್ಡ್'. ಚೀಟಿ ಸಿಕ್ಕ ಎಲ್ಲರಿಗೂ ಹಾಗೇ ತೋರಿಸುತ್ತೆ, ಅದರಲ್ಲಿ ಗಾಬರಿ ಪಡುವಂಥದ್ದೇನಿಲ್ಲ. ಆದರೆ ನನ್ನ ತಮ್ಮ ಅರ್ಜಿ ನಂಬರ್ ಹಾಕಿ ಅಪ್ಪನಿಗೆ ತೋರಿಸಿಬಿಟ್ಟಿದ್ದ. "ಏನ್ಲಾ ಮಗ, ಇಲ್ಲ ಅಂದ್‌ಬುಟ್ರಂತಲ್ಲಾ, ಬಂದ್‌ಬುಡು ಅತ್ಲಾಗೆ" ಅಂತ ಫೋನು. ಬರೋಣ ಅಂದ್ರೆ ಅಲ್ಲಿಂದ ಬೆಂಗಳೂರಿಗೆ ಆಗಿಂದಾಗ್ಗೆ ತಗೊಳ್ಳೋ ಟಿಕೆಟ್‌ನ ಬೆಲೆ ಕೇಳಬಾರದು. ಮೇಲಾಗಿ ಪ್ರಕರಣ ಯಾವ ಕಾನ್ಸುಲೇಟ್‌ನಲ್ಲಿದೆಯೋ ಅಲ್ಲಿಗೇ ಪಾಸ್‌ಪೋರ್ಟ್ ಕೊಡಬೇಕು. ಕೂತೆ. ಕೊನೆಗೆ ವೀಸಾ ಬಂತು.

ಈಗ ಈ ಚರ್ಚೆಗೇ ಅರ್ಧ ಬೀಗ ಬಿದ್ದಿದೆ. 2025ರ ಸೆಪ್ಟೆಂಬರ್ 6ರಂದು ಅಮೆರಿಕದ ವಿದೇಶಾಂಗ ಇಲಾಖೆ, ಇಂಥ ವೀಸಾಗಳಿಗೆ ಸ್ವಂತ ದೇಶದಲ್ಲಿ ಅಥವಾ ವಾಸವಿರೋ ದೇಶದಲ್ಲಿ ಮಾತ್ರ ಇಂಟರ್‌ವ್ಯೂ ಗೊತ್ತು ಮಾಡಿಕೊಳ್ಳಿ ಅಂತು. ಬೇರೆ ಕಡೆ ಹೋದ್ರೆ ವೀಸಾ ಗಿಟ್ಟೋದು ಕಷ್ಟವಾಗಬಹುದು, ಕಟ್ಟಿದ ದುಡ್ಡೂ ವಾಪಸ್ ಇಲ್ಲ ಅಂತಾನೂ ಸೇರಿಸಿತು. ಅಮೆರಿಕದೊಳಗೆ ವಾಸ ಇರೋನಿಗೆ ಅಮೆರಿಕದ ಕಾನ್ಸುಲೇಟ್ ಅಲ್ಲೆಲ್ಲಿ ಬರಬೇಕು? ಅಂದ್ರೆ ನಮ್ಮಂಥವರಿಗೆ ಭಾರತವೇ ಗತಿ. ಕೆನಡಾದ ಪಿಆರ್ (ಕಾಯಂ ವಾಸದ ಅನುಮತಿ) ತಗೊಂಡು ಅಲ್ಲೇ ನೆಲೆಸಿರೋರ ಮಾತು ಬೇರೆ.

ಚೆನ್ನೈ ವಿಷಯಕ್ಕೆ ಬರೋಣ. ಸ್ಲಾಟ್ ಹಿಡಿಯೋದು ಹಿಂಸೆ, ಸುಳ್ಳು ಹೇಳಲ್ಲ. ಪದೇ ಪದೇ ಲಾಗಿನ್ ಆಗಿ ನೋಡಿದ್ರೆ ಖಾತೆ ಲಾಕ್ ಆಗುತ್ತೆ. 2025ರ ಜನವರಿಯಿಂದ ಒಂದೇ ಸಲ ದಿನಾಂಕ ಬದಲಿಸೋಕೆ ಅವಕಾಶ, ಆಮೇಲೂ ಬದಲಿಸಬೇಕಂದ್ರೆ ಮತ್ತೆ ಶುಲ್ಕ ಕಟ್ಟಬೇಕು. ಸ್ಲಾಟ್ ಹಿಡ್ಕೊಡ್ತೀವಿ ಅಂತ ಪಾಸ್‌ವರ್ಡ್ ಕೇಳೋ ಏಜೆಂಟರ ಹತ್ತಿರ ಹೋಗಬೇಡಿ. ಹಳೇ ವೀಸಾ ತೋರಿಸಿ ಇಂಟರ್‌ವ್ಯೂ ಇಲ್ಲದೇ ಡಬ್ಬಕ್ಕೆ ಹಾಕಿ ಬರೋ ಡ್ರಾಪ್‌ಬಾಕ್ಸ್ ಸೌಕರ್ಯ ಎಚ್‌-1ಬಿಗೆ 2025ರ ಸೆಪ್ಟೆಂಬರ್ 2ರಿಂದ ನಿಂತಿದೆ, ಎಲ್ಲರೂ ಕಿಟಕಿ ಮುಂದೆ ನಿಲ್ಲಲೇಬೇಕು.

ದಿನಾಂಕ ಸಿಕ್ಕ ಮೇಲೆ ಎಲ್ಲ ಹಗುರ. ರಾತ್ರಿ ಮಂಡ್ಯದಲ್ಲಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದ್ರೆ ಬೆಳಿಗ್ಗೆ ಚೆನ್ನೈ ಸೆಂಟ್ರಲ್. ಮೈಸೂರಿನವರಿಗೆ ಶತಾಬ್ದಿ, ವಂದೇ ಭಾರತ್ ಕೂಡ ಇದೆ. ಸೆಂಟ್ರಲ್‌ನಿಂದ ಮೆಟ್ರೊ ಹತ್ತಿ ಥೌಸಂಡ್ ಲೈಟ್ಸ್‌ನಲ್ಲಿ ಇಳಿದ್ರೆ ಜೆಮಿನಿ ಫ್ಲೈಓವರ್ ಪಕ್ಕದ ಕಾನ್ಸುಲೇಟ್ ನಡೆಯೋ ದೂರ. ನೀರಿಗೆ ಅವರ ಜೊತೆ ಜಗಳ, ವೀಸಾಕ್ಕೆ ಅವರ ಊರಿಗೇ ಓಟ ಅಂತ ಮದ್ದೂರಿನ ನಮ್ಮ ಮಾವ ರೇಗಿಸಿದ್ರು. ತಮಾಷೆ ಪಕ್ಕಕ್ಕಿಡಿ, ಕಾವೇರಿ ಗಲಾಟೆ ಜೋರಾಗಿರೋ ಸಮಯದಲ್ಲಿ ಕಾರಲ್ಲಿ ಹೋಗಬೇಡಿ, ರೈಲೇ ವಾಸಿ. ಫೋನು ಒಳಗೆ ಬಿಡಲ್ಲ. ಹೊರಗೆ ಇಟ್ಕೊಳ್ಳೋರು ಇದ್ದಾರೆ, ನಾನು ಲಾಡ್ಜ್‌ನಲ್ಲೇ ಬಿಟ್ಟು ಹೋದೆ. ಈ ಸಲವೂ ಚಿಪ್ ವಿನ್ಯಾಸ ಅಂದೆ. ಅಧಿಕಾರಿ ತಲೆಯಾಡಿಸಿ ಪಾಸ್‌ಪೋರ್ಟ್ ತಮ್ಮ ಹತ್ತಿರವೇ ಇಟ್ಕೊಂಡ್ರು. ಚೀಟಿ ಸಿಕ್ಕಿದ್ರೂ ರಾತ್ರಿ ರೈಲು ಹತ್ತಿ ಊರಿಗೆ ಬರ್ತಿದ್ದೆ, ಅಷ್ಟೇ.

ಮಂಡ್ಯದಲ್ಲಿ ಮಾತ್ರ ಎಲ್ಲರದ್ದೂ ಒಂದೇ ಪ್ರಶ್ನೆ: "ಲಕ್ಷ ಡಾಲರ್ ಕಟ್ಟಿದ್ಯಾ?" ಅದು 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್‌-1ಬಿ ಅರ್ಜಿಗಳ ಮೇಲೆ ಅಮೆರಿಕ ಹಾಕಿದ ಶುಲ್ಕ, ನನ್ನಂಥ ಹಳಬರ ನವೀಕರಣಕ್ಕಲ್ಲ ಅಂತ ಎಷ್ಟು ಜನಕ್ಕೆ ಹೇಳೋದು.

ಹೈದರಾಬಾದ್ ಕೂಡ ಆಗಬಹುದು. ನಾನಕ್‌ರಾಮ್‌ಗುಡದಲ್ಲಿ 2023ರಲ್ಲಿ ತೆರೆದ ಕಟ್ಟಡ ದೊಡ್ಡದು, ಆದರೆ ಮೈಸೂರಿನಿಂದ ಹೋಗೋ ರೈಲು ಇಳಿಸೋ ಕಾಚಿಗುಡ ಊರಿನ ಇನ್ನೊಂದು ಕಡೆ. ಬೆಂಗಳೂರಿನ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆ ಆದಾಗಲೇ ವೀಸಾ ಸೇವೆ ಸದ್ಯಕ್ಕಿಲ್ಲ ಅಂದಿದ್ದರು. ಮೆಕ್ಸಿಕೊಗೆ ನಾನು ಹೋಗಿಲ್ಲ. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ರೆ ಆ ದೇಶಕ್ಕೆ ಬೇರೆ ವೀಸಾ ಬೇಡ, ಆದರೆ ಚಾಲ್ತಿಯಲ್ಲಿದ್ರೆ ನಾವ್ಯಾಕೆ ಸ್ಟ್ಯಾಂಪಿಂಗ್‌ಗೆ ಹೋಗ್ತೀವಿ?

ಊರಿಗೆ ಬಂದ್ರೆ ಸಿಕ್ಕಿಹಾಕಿಕೊಳ್ಳಲ್ಲ ಅಂತ ನಾನು ಹೇಳ್ತಿಲ್ಲ. 2025ರ ಡಿಸೆಂಬರ್ 15ರಿಂದ ಎಚ್‌-1ಬಿ, ಎಚ್‌-4 (ಎಚ್‌-1ಬಿಯವರ ಗಂಡ, ಹೆಂಡತಿ, ಮಕ್ಕಳಿಗೆ ಕೊಡೋ ವೀಸಾ) ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ನೋಡೋಕೆ ಶುರು ಮಾಡಿದ್ರು. ಭಾರತದಲ್ಲಿ ಆ ತಿಂಗಳ ಅಪಾಯಿಂಟ್‌ಮೆಂಟ್‌ಗಳು ಎಷ್ಟೋ ಮಾರ್ಚ್‌ಗೆ, ಅದರಾಚೆಗೂ ಹೋದವು. ಮೈಸೂರಿನಲ್ಲಿ ನನ್ನ ಚಿಕ್ಕಪ್ಪನ ಮಗಳಿಗೆ ಹೀಗೇ ಆಯ್ತು. ಕುವೆಂಪುನಗರದ ಮನೆಯ ಮಹಡಿ ಮೇಲೆ ಕೂತು ರಾತ್ರಿಪಾಳಿ ಮಾಡಿದ್ಲು. ಅವಳ ಕಂಪನಿ ಒಪ್ಪಿತ್ತು, ಎಲ್ಲರದ್ದೂ ಒಪ್ಪಲ್ಲ. ಅಮೆರಿಕದಲ್ಲಿ ಮಗನ ಸ್ಕೂಲು, ಕಾರಿನ ಕಂತು ಅಂತ ಅವಳ ಕಷ್ಟ ಅವಳಿಗೆ. ಆದರೂ ಬಾಡಿಗೆ ಇಲ್ಲ, ಊಟ ಚಿಕ್ಕಮ್ಮನದ್ದು, ಮಾತ್ರೆ ಬೀದಿ ಕೊನೆಯಲ್ಲಿ.

ದುಡ್ಡಿನ ಲೆಕ್ಕ ನನ್ನ ರೂಢಿಯ ಮೇಲೆ ನಿಂತಿದೆ. ಅಪ್ಪ ಅಮ್ಮನಿಗೆ ವಯಸ್ಸಾಗಿದೆ, ವರ್ಷಕ್ಕೊಮ್ಮೆ ಊರಿಗೆ ಹೇಗೂ ಬರ್ತೀನಿ, ಹಾಗಾಗಿ ವಿಮಾನದ ಟಿಕೆಟ್ಟನ್ನ ಸ್ಟ್ಯಾಂಪಿಂಗ್ ಖಾತೆಗೆ ಬರೆಯಲ್ಲ. ಉಳಿಯೋದು ರೈಲು, ಲಾಡ್ಜ್, ಎರಡು ದಿನದ ಊಟ. ಊರಿಗೆ ಬರೋ ರೂಢಿ ಇಲ್ಲದವರಿಗೆ ನನ್ನ ಲೆಕ್ಕ ಸರಿಹೊಂದಲ್ಲ.

ಕೊನೆಗೊಂದು ಮಾತು, ಚೆನ್ನೈಗೆ ಬುಕ್ ಮಾಡೋರಿಗೆ: ಪಾಸ್‌ಪೋರ್ಟ್ ವಾಪಸ್ ತಗೊಳ್ಳೋ ಜಾಗಕ್ಕೆ ಬೆಂಗಳೂರನ್ನೇ ಆರಿಸಿ, ಚೆನ್ನೈ ಅಂತ ಒತ್ತಿ ಮತ್ತೆ ರೈಲು ಹತ್ತಬೇಡಿ. ತರೋಕೆ ನೀವಲ್ಲದೆ ಅಣ್ಣನೋ ತಮ್ಮನೋ ಹೋಗೋದಾದ್ರೆ ಸಹಿ ಹಾಕಿದ ಅಧಿಕಾರ ಪತ್ರ, ಅವರ ಮೂಲ ಗುರುತಿನ ಚೀಟಿ ಎರಡನ್ನೂ ಕೊಟ್ಟು ಕಳಿಸಿ.