ಮಳೆ ಬಿದ್ದ ಬೆನ್ನಿಗೇ ಹಿನ್ನೀರಿನಲ್ಲಿ ರೇಸ್ ಈಜುವವರೇ, ಇಲಿ ಜ್ವರದ ಬಗ್ಗೆ ಎಚ್ಚರ

ಮಲೆನಾಡಿನಲ್ಲಿ ಈ ಸೀಸನ್‌ನಲ್ಲಿ ಟ್ರಯಥ್ಲಾನ್‌ಗೆ (ಈಜು, ಸೈಕಲ್, ಓಟ ಮೂರೂ ಒಂದರ ಹಿಂದೆ ಒಂದು ಇರುವ ರೇಸ್) ಹೆಸರು ಕೊಟ್ಟಿರುವವರು, ಕೊಡಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಳೆಯಾದ ಬೆನ್ನಿಗೇ ಹೊಳೆಯಲ್ಲೋ ಹಿನ್ನೀರಿನಲ್ಲೋ ಈಜಿ, ಆಮೇಲೆ ಜ್ವರ ಬಂದರೆ ಅದು ಇಲಿ ಜ್ವರ ಆಗಿರಬಹುದು. ಲೆಪ್ಟೊಸ್ಪೈರೋಸಿಸ್ ಅಂತಾರಲ್ಲ, ಅದೇ. ನನಗೆ ಬಂದು ಕಿಡ್ನಿಯವರೆಗೆ ಹೋಗಿತ್ತು. ರೇಸ್ ಮಾಡುವವರು ಇದರಲ್ಲಿ ಬೇಗ ಮೋಸ ಹೋಗುತ್ತಾರೆ. ಯಾಕೆ ಅಂದರೆ ಇದರ ಒಂದೊಂದು ಲಕ್ಷಣವೂ ರೇಸಿನ ಸುಸ್ತಿನ ಹಾಗೇ ಇರುತ್ತದೆ.

ನಾನು ಶಿವಮೊಗ್ಗದವನು. ಆಫೀಸು, ಮನೆ ನೋಡಿಕೊಂಡು ಉಳಿದ ಹೊತ್ತಿನಲ್ಲಿ ಪ್ರಾಕ್ಟೀಸ್ ಮಾಡುವವನು. ಬೆಳಿಗ್ಗೆ ಈಜುಕೊಳ, ಸಂಜೆ ಓಟ, ಭಾನುವಾರ ತೀರ್ಥಹಳ್ಳಿ ರಸ್ತೆಯಲ್ಲಿ ಸೈಕಲ್. ಸೀಸನ್ನಿನ ಮೊದಲ ರೇಸ್ ಬೇರೆ ಊರಿನಲ್ಲಿತ್ತು, ಸ್ಪ್ರಿಂಟ್ ದೂರ. 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಚೆನ್ನಾಗೇ ಆಯ್ತು. ಎರಡನೆಯದು ನಮ್ಮ ತುಂಗೆಯ ಹಿನ್ನೀರಿನಲ್ಲಿ, ಅದರ ದುಪ್ಪಟ್ಟು ಇರುವ ಒಲಿಂಪಿಕ್ ದೂರ. ಮನೆ ಬಾಗಿಲಲ್ಲೇ ರೇಸು, ಅಪ್ಪ ಅಮ್ಮನೂ ನೋಡಲು ಬರುತ್ತಾರೆ ಅಂತ ತುಂಬಾ ಖುಷಿಯಲ್ಲಿದ್ದೆ.

ರೇಸಿನ ವಾರ ಪೂರ್ತಿ ಮಳೆ ಹೊಡೆಯಿತು. ಅಕ್ಟೋಬರಿನ ಮಳೆ ಹೇಗಿರುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಗದ್ದೆ ನೀರು, ಅಡಿಕೆ ತೋಟದ ಬಸಿಗಾಲುವೆ ನೀರು, ಕೊಟ್ಟಿಗೆ ತೊಳೆದ ನೀರು ಎಲ್ಲ ಹಳ್ಳಕ್ಕೆ ಬಂದು, ಹಳ್ಳ ಹಿನ್ನೀರಿಗೆ ಬಂದು ಸೇರಿತ್ತು. ಹಿಂದಿನ ದಿನ ಸಂಜೆ ಬ್ರೀಫಿಂಗ್‌ಗೆ ಹೋದಾಗ ನೀರು ನೋಡಿದೆವು. ಕೆಂಪಗೆ, ಮಂದವಾಗಿ ಇತ್ತು. ಮೊಣಕೈವರೆಗೆ ಮುಳುಗಿಸಿದರೆ ಬೆರಳು ಕಾಣುತ್ತಿರಲಿಲ್ಲ. ದಡದುದ್ದಕ್ಕೂ ಅಡಿಕೆ ಸೋಗೆ, ಹಾಳೆ, ಪ್ಲಾಸ್ಟಿಕ್ ಬಾಟಲಿ ಬಂದು ನಿಂತಿದ್ದವು.

ಭದ್ರಾವತಿ ಕಡೆಯಿಂದ ಬಂದಿದ್ದ ಒಬ್ಬರು ಕೇಳಿಯೇ ಬಿಟ್ಟರು. "ಸರ್, ಈಜು ತೆಗೆದು ಡುಯಥ್ಲಾನ್ ಮಾಡಬಹುದಲ್ವಾ?" ನೀರು ಸರಿಯಿಲ್ಲದಾಗ ಈಜು ಕೈಬಿಟ್ಟು ಓಟ, ಸೈಕಲ್, ಮತ್ತೆ ಓಟ ಅಂತ ಮಾಡಿಸುವುದು ಈ ಆಟದಲ್ಲಿ ಹೊಸದೇನಲ್ಲ. ಆಯೋಜಕರು ನಕ್ಕುಬಿಟ್ಟರು. "ತುಂಗಾ ಪಾನ, ಗಂಗಾ ಸ್ನಾನ ಅಂತ ಹಿರಿಯರು ಸುಮ್ನೆ ಹೇಳಿದ್ದಾರಾ? ಕುಡಿಯೋ ನೀರು ಕಣ್ರೀ ಇದು." ನೀರಿನ ಪರೀಕ್ಷೆ ಮಾಡಿಸಿದ್ದೀರಾ ಅಂತ ಕೇಳಿದರೆ, ಮಾಡಿಸಿದ್ದೇವೆ ಅಂದರು. ಯಾವಾಗ ಅಂದರೆ, ಮಳೆ ಶುರುವಾಗುವ ಮೊದಲು.

2024ರ ಪ್ಯಾರಿಸ್ ಒಲಿಂಪಿಕ್ಸ್ ನೆನಪಿದೆಯಾ? ಮಳೆಯಿಂದ ಸೇನ್ ನದಿ ಕೆಟ್ಟಿದೆ ಅಂತ ಪುರುಷರ ಟ್ರಯಥ್ಲಾನನ್ನು ಜುಲೈ 30ರಿಂದ 31ಕ್ಕೆ ಮುಂದೂಡಿದರು. ಇಡೀ ಪ್ರಪಂಚ ಕಾದು ಕೂತಿದ್ದ ರೇಸ್ ಅದು. ಅಲ್ಲಿ ಆಗುತ್ತದೆ ಅಂದಮೇಲೆ ಇಲ್ಲಿ ಯಾಕೆ ಆಗುವುದಿಲ್ಲ ಅನ್ನುವ ಸಿಟ್ಟು ನನಗೆ ಇವತ್ತಿಗೂ ಇದೆ.

ಎಲ್ಲರನ್ನೂ ಒಟ್ಟಿಗೇ ನೀರಿಗೆ ಬಿಟ್ಟರು. ಅಂಥ ಸ್ಟಾರ್ಟಿನಲ್ಲಿ ಮೊದಲ ಒಂದಿಷ್ಟು ದೂರ ಬರೀ ಒದೆತ, ತಳ್ಳಾಟ. ಉಸಿರಿಗೆ ಬಾಯಿ ತೆರೆದಾಗಲೆಲ್ಲ ನೀರು ಒಳಗೆ ಹೋಗುತ್ತದೆ. ಮೇಲೆ ಬರುವ ಕಡೆ ಮ್ಯಾಟ್ ಹಾಸಿರಲಿಲ್ಲ. ಜಂಬಿಟ್ಟಿಗೆ ಕಲ್ಲಿನ ಮೇಲೆ ಬರಿಗಾಲಲ್ಲಿ ಓಡಬೇಕಿತ್ತು. ನನ್ನ ಎಡ ಹಿಮ್ಮಡಿಯ ಪಕ್ಕ ಕೊಯ್ದುಕೊಂಡಿತು. ರೇಸಿಗೆ ಹಾಕುವ ಬಿಗಿ ಉಡುಪು, ಟ್ರೈ ಸೂಟ್, ಉಜ್ಜಿ ಕುತ್ತಿಗೆ ಹಿಂದೆ ಚರ್ಮವೂ ಸುಲಿದಿತ್ತು. ರೇಸಿನಲ್ಲಿ ಇದನ್ನೆಲ್ಲ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಮಂಡಗದ್ದೆ ಕಡೆ ಸೈಕಲ್ ಹೊಡೆದು, ಬಂದು ಓಡಿ, ಮೆಡಲ್ ಹಾಕಿಕೊಂಡು ಮನೆಗೆ ಬಂದೆ.

ರೋಗ ಒಳಗೆ ಬರುವುದು ಇಂಥ ಜಾಗಗಳಿಂದಲೇ. ಇಲಿ, ಹೆಗ್ಗಣ, ದನ, ನಾಯಿ, ಹಂದಿಗಳ ಉಚ್ಚೆಯಲ್ಲಿ ಈ ಬ್ಯಾಕ್ಟೀರಿಯಾ ಇರುತ್ತದೆ. ಒದ್ದೆ ಮಣ್ಣಲ್ಲಿ, ನಿಂತ ನೀರಲ್ಲಿ ವಾರಗಟ್ಟಲೆ ಬದುಕುತ್ತದೆ. ಜೋರು ಮಳೆ ಅದನ್ನೆಲ್ಲ ತೊಳೆದು ತಂದು ಹೊಳೆಗೆ ಹಾಕುತ್ತದೆ. ಗಾಯ, ಕಣ್ಣು, ಮೂಗು, ಬಾಯಿ, ನೀರಲ್ಲಿ ನೆನೆದು ಮೆತ್ತಗಾದ ಚರ್ಮ, ಎಲ್ಲಿಂದ ಬೇಕಾದರೂ ಒಳಗೆ ಹೋಗುತ್ತದೆ. ಗದ್ದೆಗೆ ಇಳಿಯುವವರ ಕಾಯಿಲೆ ಅಂತ ನಮ್ಮಲ್ಲಿ ಇದಕ್ಕೆ ಹೆಸರು. ಆದರೆ ಟ್ರಯಥ್ಲಾನ್‌ನವರಿಗೂ ಇದು ಹಳೆಯ ಕಾಯಿಲೆ. 1998ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕೆರೆಯೊಂದರಲ್ಲಿ ಟ್ರಯಥ್ಲಾನ್ ಆಯ್ತು. 876 ಜನ ಸ್ಪರ್ಧಿಸಿದ್ದರು. ಆಮೇಲೆ 834 ಜನರನ್ನು ವಿಚಾರಿಸಿದಾಗ 98 ಜನ ಕಾಯಿಲೆ ಬಿದ್ದಿದ್ದು ಗೊತ್ತಾಯಿತು. ಅಲ್ಲೂ ರೇಸಿಗೆ ಮುಂಚೆ ಜೋರು ಮಳೆಯಾಗಿತ್ತು. ಕೆರೆ ನೀರು ನುಂಗಿದವರಿಗೆ ಅಪಾಯ ಜಾಸ್ತಿ ಇತ್ತು. 2006ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲೂ ನದಿಯಲ್ಲಿ ಈಜಿದ ಟ್ರಯಥ್ಲಾನ್‌ನವರಿಗೆ ಇದೇ ಬಂತು. ರೇಸ್ ನಡೆಸುವವರು ಇಷ್ಟಾದರೂ ತಿಳಿದುಕೊಂಡಿರಬೇಕು ಅಲ್ವಾ?

ನನಗೆ ಜ್ವರ ಬಂದಿದ್ದು ರೇಸ್ ಆಗಿ ವಾರ ಕಳೆದ ಮೇಲೆ. ಈ ಅಂತರವೇ ದಾರಿ ತಪ್ಪಿಸುವುದು. ರೋಗ ಹೊರಗೆ ಬರಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು, ಕೆಲವೊಮ್ಮೆ ತಿಂಗಳೇ ಆಗಬಹುದು. ಅಷ್ಟು ಹೊತ್ತಿಗೆ ನೀರಿಗೆ ಇಳಿದಿದ್ದು ಯಾರಿಗೂ ನೆನಪಿರುವುದಿಲ್ಲ. ಚಳಿ, ಜ್ವರ, ತಲೆನೋವು. ಮೀನಖಂಡ ಎಷ್ಟು ನೋಯುತ್ತಿತ್ತು ಅಂದರೆ ಬೆರಳಿಂದ ಒತ್ತಿದರೆ ಜೀವ ಹೋದ ಹಾಗಾಗುತ್ತಿತ್ತು. ಬೇರೆಯವರಾದರೆ ಇದೇನು ಕಾಲು ಹೀಗೆ ಅಂತ ಗಾಬರಿ ಬೀಳುತ್ತಾರೆ. ಓಡುವವರಿಗೆ ಮೀನಖಂಡ ನೋವು ದಿನನಿತ್ಯದ್ದು. ಕಣ್ಣು ಕೆಂಪಾಯಿತು, ಪಿಸುರಿಲ್ಲ, ತುರಿಕೆ ಇಲ್ಲ. ಗಾಗಲ್ಸ್ ಬಿಗಿಯಾದರೂ ಹಾಗೇ ಆಗುತ್ತದೆ. ಮೂತ್ರದ ಬಣ್ಣ ಗಾಢವಾಯಿತು. ನೀರು ಕಮ್ಮಿ ಕುಡಿದರೂ ಹಾಗೇ ಆಗುತ್ತದೆ.

ಜ್ವರ ಅಂದ ಕೂಡಲೇ ಅಮ್ಮನಿಗೆ ಮಂಗನ ಕಾಯಿಲೆಯ ಭಯ. 1957ರಲ್ಲಿ ಇದು ಮೊದಲು ಗೊತ್ತಾಗಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಹಾಗಾಗಿ ಭಯ ಸಹಜ. ಆದರೆ ಅದು ಉಣುಗು ಕಚ್ಚಿ ಬರುವಂಥದ್ದು, ಜಾಸ್ತಿಯಾಗುವುದು ಡಿಸೆಂಬರ್ ಆದ ಮೇಲೆ. ಕ್ಲಿನಿಕ್‌ಗೆ ಹೋದೆ. ಡೆಂಗಿ ಟೆಸ್ಟ್ ನೆಗೆಟಿವ್ ಬಂತು. "ವೈರಲ್, ಮೈಕೈ ನೋವಿಗೆ ಇಂಜೆಕ್ಷನ್ ಕೊಡ್ತೀನಿ" ಅಂದರು. ಡೈಕ್ಲೊಫೆನಾಕ್ ಕೊಟ್ಟು ಅದರದ್ದೇ ಮಾತ್ರೆಯನ್ನೂ ಬರೆದರು. ಎಲ್ಲಿಗೆ ಹೋಗಿದ್ರಿ, ನೀರಿಗೆ ಇಳಿದಿದ್ರಾ ಅಂತ ಒಂದು ಮಾತು ಕೇಳಲಿಲ್ಲ. ಈ ಕಾಯಿಲೆಯಲ್ಲಿ ಕಿಡ್ನಿಗೆ ಮೊದಲೇ ಪೆಟ್ಟು ಬಿದ್ದಿರಬಹುದು. ಅದರ ಮೇಲೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಬಿದ್ದರೆ ಇನ್ನೂ ಕೆಡುತ್ತದೆ. ರೇಸ್ ಬ್ಯಾಗಿನಲ್ಲಿ ಇವನ್ನು ಇಟ್ಟುಕೊಂಡು ಓಡಾಡುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಅಂತ ನನಗೆ ಗೊತ್ತು. ದಯವಿಟ್ಟು ಜ್ವರ ಇದ್ದಾಗ ಅವನ್ನು ಮುಟ್ಟಬೇಡಿ.

ಜ್ವರ ಇಳಿಯಿತು. ಮನೆಯವರಿಗೆಲ್ಲ ನಿರಾಳ. ಮುಂದಿನ ರೇಸಿನ ಯೋಚನೆ ಕೂಡ ಶುರುವಾಗಿತ್ತು. ಆಮೇಲೆ ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ಬಿಟ್ಟು ಮತ್ತೆ ಬರುವುದು ಈ ಕಾಯಿಲೆಯ ಗುಣವಂತೆ. ಹೊಸನಗರದಿಂದ ನೋಡಲು ಬಂದಿದ್ದ ಚಿಕ್ಕಪ್ಪ ನನ್ನ ಮುಖ ನೋಡಿದವರೇ, "ಕಣ್ಣು ಅರಿಶಿನ ಆಗ್ಯದಲ್ಲೋ. ಗದ್ದೆಗಿದ್ದೆಗೆ ಇಳಿದಿದ್ಯೇನೋ?" ಅಂದರು. ಇಲ್ಲ ಚಿಕ್ಕಪ್ಪ, ಹಿನ್ನೀರಲ್ಲಿ ಈಜಿದ್ದೆ ಅಂದೆ. "ಎರಡೂ ಒಂದೇ ನೀರಲ್ವೇನೋ ಮಾರಾಯ, ಏಳು ಮೊದಲು" ಅಂತ ಅವರೇ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಅಲ್ಲಿ ರಕ್ತ ಪರೀಕ್ಷೆಯಲ್ಲಿ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ನಾಲ್ಕು ದಾಟಿತ್ತು. ಒಂದರ ಆಸುಪಾಸು ಇರಬೇಕಾಗಿದ್ದು. ಪ್ಲೇಟ್‌ಲೆಟ್ ಇಳಿದಿತ್ತು, ಮೂತ್ರ ಕಮ್ಮಿಯಾಗಿತ್ತು. ಡಯಾಲಿಸಿಸ್‌ಗೆ ಒಪ್ಪಿಗೆ ಪತ್ರಕ್ಕೆ ಅಪ್ಪನ ಹತ್ತಿರ ಸಹಿ ಹಾಕಿಸಿಕೊಂಡಿದ್ದರು. ಅಪ್ಪ ಆ ಕಾಗದವನ್ನು ಎರಡೆರಡು ಸಲ ಓದಿದ್ದು ನಾನು ಮಲಗಿದ್ದಲ್ಲಿಂದಲೇ ನೋಡಿದೆ. ವೈದ್ಯರು ರಿಪೋರ್ಟ್‌ಗೆ ಕಾಯದೆ ಆ್ಯಂಟಿಬಯೋಟಿಕ್ ಶುರು ಮಾಡಿದ್ದರಿಂದ ಡಯಾಲಿಸಿಸ್ ಬೇಕಾಗಲಿಲ್ಲ. ಅವರು ಹೇಳಿದ ಒಂದು ವಿಷಯ ಎಲ್ಲರೂ ನೆನಪಿಡಿ. ಜ್ವರದ ಮೊದಲ ವಾರದಲ್ಲಿ ಈ ಕಾಯಿಲೆ ಪತ್ತೆಗೆ ಮಾಡುವ ಲೆಪ್ಟೊ ಐಜಿಎಂ ರಕ್ತ ಪರೀಕ್ಷೆ ನೆಗೆಟಿವ್ ಬರಬಹುದು. ನೆಗೆಟಿವ್ ಬಂತು ಅಂತ ಸುಮ್ಮನಾಗುವ ಹಾಗಿಲ್ಲ.

ಆಸ್ಪತ್ರೆಯಿಂದಲೇ ಆಯೋಜಕರಿಗೆ ಫೋನ್ ಮಾಡಿದೆ. ಈಜಿದ ಎಲ್ಲರಿಗೂ ಒಂದು ಮೆಸೇಜ್ ಹಾಕಿ, ಜ್ವರ ಬಂದರೆ ತೋರಿಸಿಕೊಳ್ಳಲಿ ಅಂತ ಕೇಳಿಕೊಂಡೆ. ದುಡ್ಡು ವಾಪಸ್ ಕೇಳಲಿಲ್ಲ, ಜಗಳ ಆಡಲಿಲ್ಲ. "ನಿಮಗೆ ಅಲ್ಲೇ ಬಂತು ಅಂತ ಏನು ಗ್ಯಾರಂಟಿ? ಸುಮ್ನೆ ಜನರನ್ನು ಹೆದರಿಸಬೇಡಿ" ಅಂದರು. ನಾನೇ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬರೆದೆ. ಸ್ವಲ್ಪ ಹೊತ್ತಿಗೆ ನನ್ನ ಮೆಸೇಜ್ ಡಿಲೀಟ್ ಆಗಿತ್ತು, ನಾನು ಗ್ರೂಪಿನಿಂದ ಹೊರಗಿದ್ದೆ. ಅಷ್ಟರೊಳಗೆ ಓದಿದವರಲ್ಲಿ ಆ ಭದ್ರಾವತಿಯವರೂ ಒಬ್ಬರು. ಅವರಿಗೂ ಆಗ ಜ್ವರ, ಮೀನಖಂಡ ನೋವು. ಅವತ್ತೇ ಹೋಗಿ ತೋರಿಸಿಕೊಂಡರು. ಬೇಗ ಗೊತ್ತಾಗಿದ್ದರಿಂದ ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯೋಟಿಕ್ ಮಾತ್ರೆಯಲ್ಲೇ ಗುಣವಾಯಿತು. ಒಂದು ಮೆಸೇಜ್‌ನಿಂದ ಇಷ್ಟು ಆಗುತ್ತದೆ. ಕಾಯಿಲೆಗಿಂತ ಜಾಸ್ತಿ ನೋವಾಗಿದ್ದು ಆ ಒಂದು ಮೆಸೇಜನ್ನು ತಡೆದಿದ್ದಕ್ಕೆ.

ಈಗ ಅದೇ ಹಿನ್ನೀರಿನಲ್ಲಿ ಇನ್ನೊಂದು ರೇಸಿನ ಪೋಸ್ಟರ್ ಓಡಾಡುತ್ತಿದೆ. ದುಡ್ಡು ಕಟ್ಟುವ ಮೊದಲು ಕೇಳಿ, ಜೋರು ಮಳೆ ಬಂದರೆ ಈಜು ರದ್ದು ಮಾಡುತ್ತೀರಾ ಅಂತ. ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ನೀರಿನ ರಿಪೋರ್ಟ್ ಚೆನ್ನಾಗಿದೆ ಅಂದರೂ ಪೂರ್ತಿ ನಂಬಬೇಡಿ. ಸಾಮಾನ್ಯವಾಗಿ ನೋಡುವುದು ಮಲದಿಂದ ನೀರಿಗೆ ಸೇರುವ ಇ. ಕೋಲಿ ಥರದ ಬ್ಯಾಕ್ಟೀರಿಯಾವನ್ನು, ಲೆಪ್ಟೊ ಅದರಲ್ಲಿ ಗೊತ್ತಾಗುವುದಿಲ್ಲ. ಮೈಮೇಲೆ ಗಾಯ ಇದ್ದರೆ ಇಳಿಯಬೇಡಿ. ರೇಸಿನ ಹಿಂದಿನ ದಿನ ಕಾಲು ಶೇವ್ ಮಾಡುವವರು ಆ ವಾರ ಬಿಟ್ಟುಬಿಡಿ, ಬ್ಲೇಡಿನ ಗೀರು ಸಾಕು. ಮುಂಜಾಗ್ರತೆಗೆ ಡಾಕ್ಸಿಸೈಕ್ಲಿನ್ ಕೊಡುವುದುಂಟು. ಆದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುವ ಮಾತ್ರೆ ಅಲ್ಲ ಅದು, ವೈದ್ಯರನ್ನೇ ಕೇಳಿ. ಈಜಿದ ಮೇಲೆ ಒಂದು ತಿಂಗಳೊಳಗೆ ಜ್ವರ ಬಂದರೆ, ಅವರು ಕೇಳದಿದ್ದರೂ ನೀವೇ ಬಾಯಿಬಿಟ್ಟು ಹೇಳಿ: "ಮಳೆ ನೀರು ಸೇರಿದ ಹಿನ್ನೀರಲ್ಲಿ ಈಜಿದ್ದೆ, ಲೆಪ್ಟೊ ಇರಬಹುದಾ ನೋಡಿ, ಕ್ರಿಯಾಟಿನಿನ್ ಟೆಸ್ಟ್ ಮಾಡಿಸಿ." ನನ್ನ ಜೊತೆ ಅವತ್ತು ನೀರಿಗೆ ಇಳಿದವರಲ್ಲಿ ಇನ್ನೂ ಯಾರಿಗಾದರೂ ಹೀಗಾಗಿದ್ದರೆ ದಯವಿಟ್ಟು ಕೆಳಗೆ ಬರೆಯಿರಿ. ಎಲ್ಲರದ್ದೂ ಸೇರಿಸಿ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಅರ್ಜಿ ಕೊಡುತ್ತಿದ್ದೇನೆ.