ಸಿಟ್ರಿಕ್ ಆಮ್ಲದ ಪುಡಿ: ಕೆಟಲ್‌ಗೆ ಸೈ, ಮುಖಕ್ಕೆ ಬೇಡ

ಆಹಾರ ದರ್ಜೆಯ ಸಿಟ್ರಿಕ್ ಆಮ್ಲದ ಪುಡಿಯನ್ನು ಮನೆಯ ಸ್ವಚ್ಛತೆಗೂ ಸೌಂದರ್ಯಸಾಧನವಾಗಿಯೂ ಬಳಸಿ ನೋಡಿದ ಮೇಲೆ, ಮೊದಲನೆಯ ಕೆಲಸಕ್ಕೆ ಅದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಎರಡನೆಯದರ ಬಗ್ಗೆ ಅಷ್ಟು ಉತ್ಸಾಹವಿಲ್ಲ. 1784ರಲ್ಲಿ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಷೀಲೆ ನಿಂಬೆರಸದಿಂದ ಈ ಆಮ್ಲದ ಹರಳುಗಳನ್ನು ಬೇರ್ಪಡಿಸಿದನಾದರೂ, ಸುಮಾರು ಒಂದು ಶತಮಾನದಿಂದ ಇದನ್ನು ಬಹುಮಟ್ಟಿಗೆ ಆಸ್ಪರ್ಜಿಲಸ್ ನೈಜರ್ ಎಂಬ ಶಿಲೀಂಧ್ರದ ನೆರವಿನಿಂದ, ಸಕ್ಕರೆಯನ್ನು ಹುದುಗಿಸಿ ತಯಾರಿಸಲಾಗುತ್ತಿದೆ. ಆದ್ದರಿಂದ ಪೊಟ್ಟಣದ ಮೇಲೆ ಅಚ್ಚಾದ ನಿಂಬೆಹಣ್ಣಿನ ಚಿತ್ರಕ್ಕೆ ಹೆಚ್ಚಿನ ಬೆಲೆ ಕೊಡಬೇಕಿಲ್ಲ.

ಗಡಸು ನೀರಿನಿಂದ ಕೆಟಲ್‌ನ ತಳದಲ್ಲಿ ಕಟ್ಟುವ ಬಿಳಿಯ ಪದರ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಸಿಟ್ರಿಕ್ ಆಮ್ಲ ಅದನ್ನು ಗುಳ್ಳೆಯೆಬ್ಬಿಸಿ ಕರಗಿಸುವುದಲ್ಲದೆ, ಬಿಡುಗಡೆಯಾದ ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಲೀಟರು ನೀರಿಗೆ ಎರಡು ದೊಡ್ಡ ಚಮಚ ಪುಡಿ ಬೆರೆಸಿ, ಉಗುರುಬೆಚ್ಚಗೆ ಮಾಡಿ, ಅರ್ಧ ಗಂಟೆ ಬಿಟ್ಟು ತೊಳೆದರೆ ಉಜ್ಜುವ ಶ್ರಮವೇ ಇರುವುದಿಲ್ಲ. ಕುದಿಸಿದರೆ ಇನ್ನೂ ಬೇಗ ಆಗುತ್ತದೆಂಬ ಎಣಿಕೆ ಸರಿಯಲ್ಲ: ಆಮ್ಲ ಮತ್ತು ಕ್ಯಾಲ್ಸಿಯಂ ಸೇರಿ ಆಗುವ ಕ್ಯಾಲ್ಸಿಯಂ ಸಿಟ್ರೇಟ್ ಬಿಸಿ ನೀರಿನಲ್ಲಿ ಇನ್ನೂ ಕಡಿಮೆ ಕರಗುವುದರಿಂದ, ಒಂದು ಪದರ ಹೋದ ಜಾಗದಲ್ಲಿ ಇನ್ನೊಂದು ಕೂರಬಹುದು. ವಿನೆಗರ್ ಸಹ ಇದೇ ಕೆಲಸವನ್ನು ಮಾಡುತ್ತದೆಯಾದರೂ ಅದರ ಘಾಟು ಅಡುಗೆಮನೆಯನ್ನೆಲ್ಲ ತುಂಬುತ್ತದೆ. ಸಿಟ್ರಿಕ್ ಆಮ್ಲ ಆವಿಯಾಗದ ಕಾರಣ ಅದಕ್ಕೆ ವಾಸನೆಯೇ ಇಲ್ಲ. ನನ್ನ ಮಟ್ಟಿಗೆ ಈ ಪುಡಿಯನ್ನು ಕೊಳ್ಳಲು ಇದೊಂದೇ ಕಾರಣ ಸಾಕು.

ಇದಕ್ಕೆ ಅಡುಗೆ ಸೋಡಾ ಬೆರೆಸಿ 'ಶಕ್ತಿಶಾಲಿ' ದ್ರಾವಣ ಮಾಡುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ನೊರೆಯೇನೋ ಕಣ್ಣಿಗೆ ಹಬ್ಬ, ಆದರೆ ಆಮ್ಲವೂ ಕ್ಷಾರವೂ ಒಂದನ್ನೊಂದು ತಟಸ್ಥಗೊಳಿಸಿಕೊಂಡು ಕೊನೆಗೆ ಉಳಿಯುವುದು ಸೋಡಿಯಂ ಸಿಟ್ರೇಟ್ ಬೆರೆತ ನೀರು, ಅದಕ್ಕೆ ಸುಣ್ಣದ ಪದರವನ್ನು ತೆಗೆಯುವ ಕಸುವು ಅಷ್ಟಾಗಿ ಇರುವುದಿಲ್ಲ. ಅಮೃತಶಿಲೆಯ ಮೇಲೆ ಈ ಆಮ್ಲ ಬಿದ್ದರೆ ಹೊಳಪು ಹೋಗುತ್ತದೆ, ಏಕೆಂದರೆ ಆ ಕಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟೇ. ಕ್ಲೋರಿನ್ ಬ್ಲೀಚ್ ಜೊತೆ ಎಂದಿಗೂ ಬೆರೆಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಸೌಂದರ್ಯದ ವಿಷಯದಲ್ಲಿ ಲೆಕ್ಕ ಬೇರೆ. ಕ್ರೀಮು, ಶಾಂಪೂಗಳ ತಯಾರಕರು ಪಿಎಚ್ (ಆಮ್ಲೀಯತೆಯ ಅಳತೆ; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಹೊಂದಿಸಲು ಇದನ್ನು ಅತ್ಯಲ್ಪ ಪ್ರಮಾಣದಲ್ಲಿ, ಅಳೆದು ಬಳಸುತ್ತಾರೆ. ಚರ್ಮದ ಪಿಎಚ್ ಸುಮಾರು 5. ಒಂದು ಲೀಟರು ಶುದ್ಧ ನೀರಿಗೆ ಒಂದೇ ಗ್ರಾಂ ಪುಡಿ ಹಾಕಿದರೂ ಅದರ ಪಿಎಚ್ 3ಕ್ಕಿಂತ ಕೆಳಗಿಳಿಯುತ್ತದೆ. ಹೀಗಿರುವಾಗ ಚಮಚದ ಅಂದಾಜಿನಲ್ಲಿ ಮುಖಕ್ಕೆ ಲೇಪ ಮಾಡಿಕೊಳ್ಳುವುದು ಉರಿ, ಕೆಂಪು, ಸಿಪ್ಪೆಯೇಳುವಿಕೆಗಳನ್ನು ಕರೆದು ತಂದುಕೊಂಡಂತೆ. ಸೋಪಿನಿಂದ ತಲೆ ತೊಳೆಯುವವರಿಗೆ ಮಾತ್ರ ತುಂಬ ತೆಳುವಾದ ದ್ರಾವಣ ಉಪಯುಕ್ತ: ಗಡಸು ನೀರಿನಲ್ಲಿ ಕೂದಲಿಗೆ ಅಂಟುವ ಸೋಪಿನ ಜಿಡ್ಡನ್ನು ಅದು ಬಿಡಿಸುತ್ತದೆ. ಕಣ್ಣಿಗೆ ತಾಕದಂತೆ ಸುರಿದು, ನಂತರ ಬರಿಯ ನೀರಿನಲ್ಲಿ ತೊಳೆಯಬೇಕು.

ಸ್ನಾನದ ನೀರಿನಲ್ಲಿ ನೊರೆಯೇಳುವ ಗುಳಿಗೆಗಳನ್ನು ಮನೆಯಲ್ಲೇ ಮಾಡುವ ಇರಾದೆಯಿದ್ದರೆ 'ಅನ್‌ಹೈಡ್ರಸ್' (ನೀರಿನಂಶವಿಲ್ಲದ್ದು) ಎಂದು ನಮೂದಿಸಿದ ಪೊಟ್ಟಣವನ್ನೇ ಆರಿಸಿಕೊಳ್ಳಬೇಕು. ಮಾನೊಹೈಡ್ರೇಟ್ ರೂಪದ ತೂಕದಲ್ಲಿ ಶೇ. 8.6ರಷ್ಟು ನೀರೇ ಇದ್ದು, ಅದರಿಂದ ಆಮ್ಲವು ಗುಳಿಗೆಗೆ ಬೆರೆಸುವ ಅಡುಗೆ ಸೋಡಾದೊಂದಿಗೆ ಅಕಾಲದಲ್ಲಿ ವರ್ತಿಸಿ ಗುಳಿಗೆಯನ್ನು ಕೆಡಿಸುವ ಸಂಭವವಿದೆ. ಯಾವ ರೂಪದ್ದಾದರೂ ತೇವಕ್ಕೆ ಗಟ್ಟಿಕಟ್ಟುವುದರಿಂದ, ತೆರೆದ ಮೇಲೆ ಬಿಗಿಮುಚ್ಚಳದ ಗಾಜಿನ ಡಬ್ಬಿಗೆ ಸುರಿದು, ಹೆಸರು ಬರೆದು, ಮಕ್ಕಳ ಕೈಗೆಟುಕದಂತೆ ಇಡುವುದು ಒಳ್ಳೆಯದು. ನೋಟಕ್ಕೆ ಇದು ಸಕ್ಕರೆಯಂತೆಯೇ ಇರುತ್ತದೆ.