ಡಿಟೆಕ್ಟರ್ ಸರ್ವಿಸ್‌ಗೆ ಕೊಟ್ಟಿದ್ದೀರಾ? ಮನೆಗೆ ತರುವ ಮೊದಲು ಬ್ಯಾಟರಿ ಡಬ್ಬಿ ತೆಗೆಸಿ ನೋಡಿ

ಹುಡುಕಾಟದ ಸೀಸನ್ ಮುಗಿಯಿತೆಂದು, ಮರಳಿನಡಿ ಲೋಹ ಹುಡುಕುವ ಮೆಟಲ್ ಡಿಟೆಕ್ಟರನ್ನು ಸರ್ವಿಸ್‌ಗೆ ಕೊಡುವವರು ದಯವಿಟ್ಟು ಇದನ್ನು ಓದಿ. "ಪೂರ್ತಿ ಕ್ಲೀನ್ ಮಾಡಿ, ಟೆಸ್ಟ್ ಮಾಡಿ, ಪ್ಯಾಕ್ ಮಾಡಿ ಕೊಡ್ತೀವಿ. ಮತ್ತೆ ಬಳಸೋವರೆಗೂ ಬಿಚ್ಚಬೇಡಿ, ಒಳಗೆ ತೇವ ಹೋಗುತ್ತೆ" ಎಂದು ಹೇಳಿ ಸರ್ವಿಸ್‌ನವರು ನನ್ನ ಡಿಟೆಕ್ಟರಿಗೆ ಪ್ಲಾಸ್ಟಿಕ್ ಸುತ್ತಿ ಕೊಟ್ಟರು. ತಿಂಗಳುಗಳು ಕಳೆದು ಬಿಚ್ಚಿದರೆ ಡಿಟೆಕ್ಟರ್ ಆನ್ ಆಗಲೇ ಇಲ್ಲ. ಟೆಸ್ಟ್ ಮಾಡಲು ಹಾಕಿದ್ದ ಆಲ್ಕಲೈನ್ ಸೆಲ್‌ಗಳು ಒಳಗೇ ಇದ್ದವು. ಸ್ಪ್ರಿಂಗ್‌ಗಳ ಮೇಲೆ ಬಿಳಿ ಪುಡಿ ಕಟ್ಟಿತ್ತು, ವೈರ್ ಕಿಲುಬು ಹಿಡಿದು ಹಸಿರಾಗಿತ್ತು. ಹಾಕಿದ ಸೆಲ್‌ಗಳೂ ಒಂದೇ ಕಂಪನಿಯವಲ್ಲ. ಹಳೆಯದು, ಹೊಸದು ಬೆರೆಸಿದಾಗ ಶಕ್ತಿ ಕುಂದಿದ ಸೆಲ್ ಪೂರ್ತಿ ಬರಿದಾಗಿ, ಒಳಗೆ ಗ್ಯಾಸ್ ತುಂಬಿ, ಮೊದಲು ಸೋರುವುದು ಅದೇ. ಸ್ವಿಚ್ ಆಫ್ ಇದ್ದರೂ ಕೆಲವು ಮಾಡೆಲ್‌ಗಳು ಅಷ್ಟಿಷ್ಟು ಕರೆಂಟ್ ಎಳೆಯುತ್ತಲೇ ಇರುತ್ತವೆ.

ಫೋನ್ ಮಾಡಿದರೆ, ಅಡುಗೆ ಸೋಡಾ ಹಾಕಿ ಉಜ್ಜಿ ಎಂದರು! ನನಗೆ ಹೆಚ್ಚು ಸಿಟ್ಟು ಬಂದದ್ದು ಈ ಮಾತಿಗೇ. ಆಲ್ಕಲೈನ್ ಸೆಲ್‌ನಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಸೋಡಾ ಕೂಡ ಕ್ಷಾರವೇ. ಇದಕ್ಕೆ ಬೇಕಾದದ್ದು ಹುಳಿ. ಕೈಗವಸು, ಕನ್ನಡಕ ಹಾಕಿಕೊಂಡು, ಹತ್ತಿಕಡ್ಡಿಯನ್ನು ಬಿಳಿ ವಿನೆಗರ್‌ನಲ್ಲಿ ಅದ್ದಿ ಒರೆಸಿ. ಆಮೇಲೆ ನೀರದ್ದಿದ ಹತ್ತಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್. ಪೂರ್ತಿ ಒಣಗಿದ ಮೇಲಷ್ಟೇ ಹೊಸ ಸೆಲ್ ಹಾಕಿ. ನನ್ನ ಸ್ಪ್ರಿಂಗ್‌ಗಳು ಹೀಗೆ ಉಳಿದವು. ವೈರ್ ಉಳಿಯಲಿಲ್ಲ, ಕಿಲುಬು ಪ್ಲಾಸ್ಟಿಕ್ ಹೊದಿಕೆಯ ಒಳಗೂ ಹರಿದಿತ್ತು. ಕತ್ತರಿಸಿ ಬೇರೆ ಬೆಸುಗೆ ಹಾಕಿಸಬೇಕಾಯಿತು. ಸರ್ಕ್ಯೂಟ್ ಬೋರ್ಡ್‌ವರೆಗೂ ಸೋರಿದ್ದರೆ ಮಾತ್ರ ನೀವೇ ಕೆರೆಯಲು ಹೋಗಬೇಡಿ, ಎಲೆಕ್ಟ್ರಾನಿಕ್ಸ್ ರಿಪೇರಿ ಗೊತ್ತಿರುವವರಿಗೆ ತೋರಿಸಿ.

ಕಾಯಿಲ್, ಅಂದರೆ ನೆಲದ ಮೇಲೆ ಆಡಿಸುವ ತಟ್ಟೆಯ ಕವರನ್ನೂ ಅವರು ತೆಗೆದಿರಲಿಲ್ಲ. ಮೇಲೆ ಮಾತ್ರ ಫಳಫಳ, ಒಳಗೆ ಉಪ್ಪು ಮರಳು ಹಾಗೇ ಕೂತಿತ್ತು. ಬಳಸುವಾಗ ಸುಳ್ಳು ಸದ್ದು ಬರಲು ಆ ಮರಳೂ ಸಾಕು. ಕವರ್ ಬಿಚ್ಚಿ ಸಿಹಿನೀರಿನಲ್ಲಿ ತೊಳೆದು ಒಣಗಿಸಿದರೆ ಆಯಿತು. ಆದರೆ ಕಾಯಿಲ್ ನೀರು ತಡೆಯುತ್ತದೆಂದು ಸ್ವಿಚ್, ಸರ್ಕ್ಯೂಟ್ ಇರುವ ಕಂಟ್ರೋಲ್ ಬಾಕ್ಸನ್ನೂ ನಲ್ಲಿ ಕೆಳಗೆ ಹಿಡಿಯಬೇಡಿ. ಎಷ್ಟೋ ಮಾಡೆಲ್‌ಗಳಲ್ಲಿ ಅದು ನೀರು ತಡೆಯುವುದಿಲ್ಲ. ರಾಡ್‌ನ ಲಾಕ್‌ಗಳಿಗೆ ಎಣ್ಣೆ ಬೇರೆ ಹಚ್ಚಿದ್ದರು. ಮರಳು ಅಂಟಿ ಲಾಕ್ ಕಚ್ಚಿಕೊಳ್ಳುವುದೇ ಅದರಿಂದ. ಅಲ್ಲಿ ಒಣಬಟ್ಟೆ ಸಾಕು.

ಒಳಗೇ ಕೂಡಿಸಿದ ಲಿಥಿಯಂ ಬ್ಯಾಟರಿ ಇರುವವರಿಗೆ ಸೆಲ್ ತೆಗೆಯುವ ಮಾತಿಲ್ಲ. ಅದನ್ನು ಸುಮಾರು ಅರ್ಧ ಚಾರ್ಜ್‌ನಲ್ಲಿ, ತಂಪಾದ ಒಣ ಜಾಗದಲ್ಲಿಟ್ಟು, ಆಗಾಗ ನೋಡುತ್ತಿರಿ. ಪೂರ್ತಿ ಬರಿದಾಗಲು ಬಿಟ್ಟರೆ ಮತ್ತೆ ಚಾರ್ಜ್ ಆಗದೇ ಹೋಗಬಹುದು.

ಸರ್ವಿಸ್‌ಗೆ ಕೊಡಲೇಬೇಕಾದರೆ, ಸೆಲ್‌ಗಳನ್ನು ಬೇರೆ ತೆಗೆದು ಕೈಗೆ ಕೊಡಿ ಎನ್ನಿ. ಕಾಯಿಲ್ ಕವರನ್ನು ನಿಮ್ಮ ಎದುರೇ ಬಿಚ್ಚಿಸಿ. ಪ್ಯಾಕ್ ಮಾಡಿದ ಮೇಲೆ ತೋರಿಸಲಾಗದು ಎಂದರೆ, ಪ್ಯಾಕ್ ಬಿಚ್ಚಿಸಿ ನೋಡಿದ ಮೇಲೆಯೇ ಹಣ ಕೊಡಿ.